‘ಎಕ್ಸಾಸರ್ಬೇಟ್’ಗೆ ಕನ್ನಡದಲ್ಲಿ ಏನನ್ನಬೇಕು? ಹಂತ ಹಂತವಾಗಿ ಒಂದು ಮಾರ್ಗದರ್ಶಿ

‘ಎಕ್ಸಾಸರ್ಬೇಟ್‌ಗೆ ಸರಿಯಾದ ಕನ್ನಡ ಪದ ಹೇಳಿ’ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಮೊದಲೇ ಕೆಟ್ಟದಾಗಿದ್ದುದನ್ನು ಇನ್ನಷ್ಟು ಕೆಟ್ಟದು ಮಾಡುವುದಕ್ಕೆ ಇಂಗ್ಲಿಷಿನಲ್ಲಿರುವ ಪದ ಇದು (exacerbate). ಕೇಳುವವರು ಒಂದೇ ತರಹದವರಲ್ಲ. ಪರೀಕ್ಷೆಗೆ ಓದುತ್ತಿರುವವರು ಇದ್ದಾರೆ. ಸುದ್ದಿ ಅನುವಾದದ ಕೆಲಸಕ್ಕೆ ಹೊಸದಾಗಿ ಸೇರಿದವರು ಇದ್ದಾರೆ. ಮನೆಯವರ ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿ ಹಿಡಿದು, ಅದರಲ್ಲಿ ಬರೆದಿರುವುದು ಏನೆಂದು ತಿಳಿಯದೆ ಕೂತವರೂ ಇದ್ದಾರೆ.

ಎಲ್ಲರಿಗೂ ಬೇಕಿರುವುದು ಒಂದೇ ಒಂದು ಪದ. ನಾನು ‘ಉಲ್ಬಣಗೊಳಿಸು’ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಮರುದಿನವೇ ಯಾರೋ ‘ತಾಯಿಯ ಆರೋಗ್ಯ ಉಲ್ಬಣಗೊಂಡಿದೆ’ ಎಂದು ಬರೆದುಬಿಡುತ್ತಾರೆ. ಪಾಪ, ಅವರ ತಾಯಿಗೆ ಆರೋಗ್ಯ ಜಾಸ್ತಿಯಾಗಿದೆ ಎಂದಂತಾಯಿತು!

ಕೊಟ್ಟಿರುವ ಇಂಗ್ಲಿಷ್ ವಾಕ್ಯದಲ್ಲಿ ಕೆಡುತ್ತಿರುವುದು ಏನು ಎನ್ನುವುದರ ಮೇಲೆ ಕನ್ನಡದ ಪದ ನಿಂತಿದೆ. ಆ ವಸ್ತುವನ್ನು ಮೊದಲು ಹಿಡಿದರೆ ಕ್ರಿಯಾಪದ ತಾನಾಗಿಯೇ ಬರುತ್ತದೆ. ಕ್ರಿಯಾಪದವನ್ನು ಮೊದಲು ಹುಡುಕಲು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಅನುವಾದಿಸಬೇಕಾದ ವಾಕ್ಯ ಪೂರ್ತಿ ಇರಲಿ. ಬರೀ ಪದವನ್ನು ಕಿತ್ತು ತಂದರೆ ಕೆಲಸ ಆಗುವುದಿಲ್ಲ. ಒಂದು ಕನ್ನಡ–ಇಂಗ್ಲಿಷ್ ನಿಘಂಟು ಇದ್ದರೆ ಒಳ್ಳೆಯದು. ಅದು ಇಂಗ್ಲಿಷ್–ಕನ್ನಡ ಅಲ್ಲ, ಉಲ್ಟಾ. ಯಾಕೆಂದು ಕೊನೆಯ ಹಂತದಲ್ಲಿ ಹೇಳುತ್ತೇನೆ. ಮತ್ತೆ ನಿಮ್ಮ ಮನೆಯಲ್ಲಿ ಆಡುವ ಮಾತು ನೆನಪಿರಲಿ. ಈ ಕೆಲಸದಲ್ಲಿ ನಿಘಂಟಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 1: ಇಂಗ್ಲಿಷ್ ಪದ ಅದೇ ಹೌದೋ ಅಲ್ಲವೋ ನೋಡಿಕೊಳ್ಳಿ

ಇದು ಬಾಲಿಶ ಅನ್ನಿಸಬಹುದು. ಆದರೆ ಅರ್ಧ ತಪ್ಪುಗಳು ಇಲ್ಲೇ ಹುಟ್ಟುತ್ತವೆ. ಇಂಗ್ಲಿಷಿನಲ್ಲಿ ಕಿವಿಗೂ ಕಣ್ಣಿಗೂ ಒಂದೇ ತರಹ ಕಾಣುವ ನಾಲ್ಕು ಪದಗಳಿವೆ.

ಎಕ್ಸಾಸರ್ಬೇಟ್ ಎಂದರೆ ಮೊದಲೇ ಕೆಟ್ಟದಾಗಿದ್ದುದನ್ನು ಇನ್ನಷ್ಟು ಕೆಟ್ಟದು ಮಾಡುವುದು. ಲ್ಯಾಟಿನ್ನಿನ ‘ಅಸರ್ಬಸ್’ ಎಂಬ ಪದದಿಂದ ಬಂದಿದೆ. ಅದರ ಅರ್ಥ ಒಗರು, ಕಹಿ, ಕಟು. ಮೊದಲೇ ಕಹಿಯಾಗಿದ್ದನ್ನು ಮತ್ತಷ್ಟು ಕಹಿ ಮಾಡುವುದು ಎಂದು ನೆನಪಿಟ್ಟುಕೊಳ್ಳಿ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ ಇದು. ಉಚ್ಚಾರ ‘ಇಗ್-ಜ್ಯಾ-ಸರ್-ಬೇಟ್’. ಒತ್ತು ಎರಡನೆಯ ತುಂಡಿನ ಮೇಲೆ.

ಅಗ್ರವೇಟ್ ಇದರ ಹತ್ತಿರದ ನೆಂಟ. ‘ಗ್ರಾವಿಸ್’ ಎಂದರೆ ಭಾರ. ಇರುವ ಹೊರೆಯ ಮೇಲೆ ಇನ್ನೊಂದು ಹೊರೆ. ಹೆಚ್ಚಿನ ಕಡೆ ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಸಾಕು. ಆದರೆ ಅಗ್ರವೇಟ್‌ಗೆ ಇನ್ನೊಂದು ಅರ್ಥ ಇದೆ: ಮನುಷ್ಯನನ್ನು ರೇಗಿಸುವುದು, ಕಿರಿಕಿರಿ ಮಾಡುವುದು. ಇದು ತಪ್ಪು ಬಳಕೆ ಎನ್ನುವ ಇಂಗ್ಲಿಷ್ ಮೇಷ್ಟ್ರುಗಳು ಈಗಲೂ ಇದ್ದಾರೆ. ಆದರೆ ಜನ ನೂರಾರು ವರ್ಷಗಳಿಂದ ಹಾಗೆ ಬಳಸುತ್ತಲೇ ಇದ್ದಾರೆ. ವಾಕ್ಯದಲ್ಲಿ ಅಗ್ರವೇಟ್ ಆಗುತ್ತಿರುವುದು ಮನುಷ್ಯ ಆಗಿದ್ದರೆ ‘ರೇಗಿಸು’, ‘ಕೆರಳಿಸು’, ‘ಸಿಟ್ಟು ಬರಿಸು’ ಇವುಗಳ ಕಡೆ ಹೋಗಿ.

ಎಕ್ಸಾಜರೇಟ್ ಎಂದರೆ ಉತ್ಪ್ರೇಕ್ಷೆ, ಕಡ್ಡಿಯನ್ನು ಗುಡ್ಡ ಮಾಡುವುದು. ಇದರ ಲ್ಯಾಟಿನ್ ಬೇರಿನಲ್ಲೂ ‘ಗುಡ್ಡೆ ಹಾಕು’ ಎಂಬ ಅರ್ಥವೇ ಇದೆ. ‘ಅವರು ಸಮಸ್ಯೆಯನ್ನು ಎಕ್ಸಾಜರೇಟ್ ಮಾಡಿದರು’ ಎಂದರೆ ಸಮಸ್ಯೆ ಇದ್ದಷ್ಟೇ ಇದೆ, ಮಾತು ಮಾತ್ರ ಜಾಸ್ತಿ. ‘ಎಕ್ಸಾಸರ್ಬೇಟ್ ಮಾಡಿದರು’ ಎಂದರೆ ಸಮಸ್ಯೆಯೇ ಬೆಳೆಯಿತು. ಇವೆರಡನ್ನು ಅದಲುಬದಲು ಮಾಡಿದರೆ ಸುದ್ದಿಯೇ ಸುಳ್ಳಾಗುತ್ತದೆ.

ಎಕ್ಸಾಸ್ಪರೇಟ್ ಎಂದರೆ ಒಬ್ಬರ ತಾಳ್ಮೆ ಕೆಡಿಸುವುದು, ಸಾಕುಸಾಕು ಅನ್ನಿಸುವುದು. ಇದು ಮನುಷ್ಯರಿಗೆ ಮಾತ್ರ.

ಡಿಟೀರಿಯೊರೇಟ್ ಎನ್ನುವುದು ಬೇರೆ ಜಾತಿ. ಅಲ್ಲಿ ಚೆನ್ನಾಗಿದ್ದದ್ದು ಕ್ರಮೇಣ ಕೆಡುತ್ತದೆ. ಈ ವ್ಯತ್ಯಾಸ ಮುಂದಿನ ಹಂತಕ್ಕೆ ಬೇಕು, ತಲೆಯಲ್ಲಿ ಇಟ್ಟುಕೊಳ್ಳಿ.

ಹಂತ 2: ಕೆಡುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ?

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇಂಗ್ಲಿಷಿನ ‘ವರ್ಸನ್’ (worsen) ಎಂಬ ಪದ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ನೋವೂ ವರ್ಸನ್ ಆಗುತ್ತದೆ, ಆರೋಗ್ಯವೂ ವರ್ಸನ್ ಆಗುತ್ತದೆ. ಕನ್ನಡದಲ್ಲಿ ಹಾಗಿಲ್ಲ. ಕನ್ನಡದಲ್ಲಿ ಒಳ್ಳೆಯದು ಕೆಡುತ್ತದೆ, ಕೆಟ್ಟದ್ದು ಬೆಳೆಯುತ್ತದೆ. ಎರಡಕ್ಕೂ ಬೇರೆ ಬೇರೆ ಕ್ರಿಯಾಪದ.

ಪರೀಕ್ಷೆ ಮಾಡುವುದು ಸುಲಭ. ವಾಕ್ಯದಲ್ಲಿರುವ ನಾಮಪದದ ಮುಂದೆ ಒಮ್ಮೆ ‘ಕೆಟ್ಟಿತು’ ಇಡಿ. ಇನ್ನೊಮ್ಮೆ ‘ಜಾಸ್ತಿಯಾಯಿತು’ ಇಡಿ. ಯಾವುದು ಕಿವಿಗೆ ಸರಿ ಅನ್ನಿಸುತ್ತದೋ ನೋಡಿ.

‘ಆರೋಗ್ಯ ಕೆಟ್ಟಿತು’ ಸರಿ. ‘ಆರೋಗ್ಯ ಜಾಸ್ತಿಯಾಯಿತು’ ನಗೆಪಾಟಲು. ಹಾಗಾದರೆ ಇದು ಒಳ್ಳೆಯ ವಸ್ತು, ಕೆಡುವ ಗುಂಪಿನದು. ಇದಕ್ಕೆ ಹೊಂದುವುದು: ಹದಗೆಡು, ಕೆಡು, ಹಾಳಾಗು, ಕುಸಿ, ಕ್ಷೀಣಿಸು.

‘ನೋವು ಜಾಸ್ತಿಯಾಯಿತು’ ಸರಿ. ‘ನೋವು ಕೆಟ್ಟಿತು’ ಅನ್ನುವವರು ಯಾರೂ ಇಲ್ಲ. ಇದು ಬೆಳೆಯುವ ಗುಂಪಿನದು. ಇದಕ್ಕೆ ಹೊಂದುವುದು: ಹೆಚ್ಚಾಗು, ಉಲ್ಬಣಿಸು, ತೀವ್ರವಾಗು, ಕೆರಳು, ಏರು, ಜೋರಾಗು.

ಈಗ ‘ಹದಗೆಡು’ ಪದವನ್ನು ಬಿಡಿಸಿ ನೋಡಿ. ಹದ ಮತ್ತು ಕೆಡು. ಪಾಕಕ್ಕೆ ಹದ ಇರುತ್ತದೆ, ಮಣ್ಣಿಗೆ ಹದ ಇರುತ್ತದೆ, ಹಿಟ್ಟಿಗೆ ಹದ ಇರುತ್ತದೆ. ಹದ ಇದ್ದದ್ದು ಮಾತ್ರ ಹದಗೆಡಬಹುದು. ರಸ್ತೆ, ಆರೋಗ್ಯ, ಸಂಬಂಧ, ಕಾನೂನು ಸುವ್ಯವಸ್ಥೆ ಇವೆಲ್ಲ ಹದಗೆಡುತ್ತವೆ. ಬರಗಾಲ ಹದಗೆಡುವುದಿಲ್ಲ. ಬರಗಾಲಕ್ಕೆ ಹದ ಅಂತ ಇದ್ದರೆ ತಾನೇ ಕೆಡುವುದು?

ಇನ್ನು ಕೆಲವು ನಾಮಪದಗಳು ಯಾವ ಕಡೆಗೂ ಸೇರಿಲ್ಲ. ಪರಿಸ್ಥಿತಿ, ಸ್ಥಿತಿ, ವಿಷಯ, ಸಂಗತಿ, ವ್ಯವಹಾರ ಇಂಥವು. ಇವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಇವುಗಳಿಗೆ ಬಿಗಡಾಯಿಸು, ವಿಷಮಿಸು, ಹದಗೆಡು, ಕೈಮೀರು ನಡೆಯುತ್ತದೆ. ‘ಬಿಗಡಾಯಿಸು’ ಹಿಂದಿಯ ‘ಬಿಗಡ್ನಾ’ ಕಡೆಯಿಂದ ಬಂದದ್ದು. ಈಗ ಕನ್ನಡದ್ದೇ ಆಗಿಹೋಗಿದೆ, ಹೆದರದೆ ಬಳಸಿ.

ಗಮನಿಸಿ: ಎಕ್ಸಾಸರ್ಬೇಟ್ ಎನ್ನುವ ಪದ ಹೆಚ್ಚಾಗಿ ಬೆಳೆಯುವ ಗುಂಪಿನ ಜೊತೆಯೇ ಬರುತ್ತದೆ. ಡಿಟೀರಿಯೊರೇಟ್ ಕೆಡುವ ಗುಂಪಿನ ಜೊತೆ. ಹಾಗಾಗಿ ಎಕ್ಸಾಸರ್ಬೇಟ್ ಕಂಡ ತಕ್ಷಣ ‘ಹದಗೆಡಿಸು’ ಬರೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಹಂತ 3: ವಸ್ತು ಯಾವುದು ಎಂದು ನೋಡಿ ಕ್ರಿಯಾಪದ ಆರಿಸಿ

ಗುಂಪು ಗೊತ್ತಾಯಿತು. ಈಗ ಒಳಗೆ ಇಳಿಯೋಣ. ಒಂದೊಂದು ವಸ್ತುವಿಗೂ ಕನ್ನಡದಲ್ಲಿ ಒಗ್ಗಿದ ಮಾತು ಇರುತ್ತದೆ.

ಕಾಯಿಲೆ. ಬರವಣಿಗೆಯಲ್ಲಿ ‘ಉಲ್ಬಣಿಸಿತು’, ಮಾತಿನಲ್ಲಿ ‘ಜಾಸ್ತಿಯಾಯಿತು’. ಉಲ್ಬಣ ಸಂಸ್ಕೃತದಿಂದ ಬಂದ ಪದ, ಅತಿಯಾದದ್ದು ಎಂಬ ಅರ್ಥ. ಆಯುರ್ವೇದದ ಗ್ರಂಥಗಳಲ್ಲಿ ಯಾವ ದೋಷ ಮೇಲುಗೈ ಆಗಿದೆ ಎಂದು ಹೇಳಲು ಇದನ್ನು ಬಳಸುತ್ತಾರೆ. ಹಾಗಾಗಿ ಕಾಯಿಲೆಗೆ ಇದು ಸಹಜವಾಗಿ ಒಗ್ಗುತ್ತದೆ. ಜ್ವರವಾದರೆ ‘ಏರಿತು’ ಅನ್ನಿ. ‘ವಿಷಮಿಸಿತು’ ಎಂದರೆ ಪ್ರಾಣಕ್ಕೆ ಬರುವ ಮಟ್ಟಕ್ಕೆ ಹೋಯಿತು ಎಂಬ ಧ್ವನಿ ಇದೆ. ಸುಮ್ನೆ ನೆಗಡಿಗೆ ಇದನ್ನು ಬಳಸಬೇಡಿ.

ಗಾಯ, ಹುಣ್ಣು, ತುರಿಕೆ, ಅಲರ್ಜಿ. ಇವು ಕೆರಳುತ್ತವೆ. ‘ಖಾರ ತಿಂದರೆ ಹೊಟ್ಟೆಯ ಹುಣ್ಣು ಕೆರಳುತ್ತದೆ.’ ಗಾಯ ಕೀವಾಗುವ ಮಟ್ಟಕ್ಕೆ ಹೋದರೆ ‘ನಂಜಾಯಿತು’.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ‘ನಂಜು’ ನನಗೆ ಬಹಳ ಇಷ್ಟದ ಪದ. ಮೂಲ ಅರ್ಥ ವಿಷ. ಆದರೆ ಅಡುಗೆಮನೆಯಲ್ಲಿ ಇದಕ್ಕೆ ಇನ್ನೊಂದು ಕೆಲಸ ಇದೆ. ‘ಬದನೆಕಾಯಿ ನಂಜು, ಗಾಯ ಇರುವಾಗ ತಿನ್ನಬೇಡ’ ಎಂದು ಅಜ್ಜಿಯರು ಹೇಳುವುದನ್ನು ಕೇಳಿರುತ್ತೀರಿ. ಬದನೆಕಾಯಿ ವಿಷ ಎಂದು ಇದರ ಅರ್ಥ ಅಲ್ಲ. ಮೊದಲೇ ಗಾಯವೋ ಕಜ್ಜಿಯೋ ಇದ್ದರೆ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ ಎಂದು. ವೈದ್ಯರು ಒಪ್ಪುತ್ತಾರೋ ಇಲ್ಲವೋ ಅದು ಬೇರೆ ಮಾತು. ಆದರೆ ಇಂಗ್ಲಿಷಿನಲ್ಲಿ ಒಂದಿಡೀ ವಾಕ್ಯ ಬೇಕಾದ ಅರ್ಥವನ್ನು ಕನ್ನಡ ಎರಡಕ್ಷರದಲ್ಲಿ ಹೇಳಿದೆ, ನೋಡಿ. ‘ಪಿತ್ತ ಕೆರಳಿತು’ ಕೂಡ ಹಾಗೆಯೇ. ಹೊಟ್ಟೆಯ ತೊಂದರೆಗೂ ಸರಿ, ಸಿಟ್ಟಿಗೂ ಸರಿ. ಅಗ್ರವೇಟ್‌ಗೆ ಇರುವ ಎರಡೂ ಅರ್ಥಗಳು ಇಲ್ಲಿ ಒಂದೇ ಕಡೆ ಕೂತಿವೆ.

ಜಗಳ, ವಿವಾದ, ಗಲಾಟೆ. ಇವು ಜೋರಾಗುತ್ತವೆ, ಕಾವೇರುತ್ತವೆ, ವಿಕೋಪಕ್ಕೆ ಹೋಗುತ್ತವೆ. ಇಂಗ್ಲಿಷಿನಲ್ಲಿ ‘ಎಸ್ಕಲೇಟ್’ ಎಂದಿದ್ದರೂ ಇವೇ ಸಾಕು. ಒಂದು ಎಚ್ಚರಿಕೆ: ‘ವಿಕೋಪಕ್ಕೆ ಹೋಗು’ ಬೇರೆ, ‘ಪ್ರಕೃತಿ ವಿಕೋಪ’ ಬೇರೆ. ಎರಡನೆಯದು ಪ್ರವಾಹ, ಭೂಕಂಪದಂಥ ಅನಾಹುತ.

ಮನಸ್ತಾಪ, ದ್ವೇಷ. ಇವು ಬೆಳೆಯುತ್ತವೆ. ಸಂಬಂಧವಾದರೆ ಹದಗೆಡುತ್ತದೆ, ಹಳಸುತ್ತದೆ. ಅನ್ನ ಹಳಸುವ ಹಾಗೆಯೇ. ಬಿರುಕು ಎಂದರೆ ಅಗಲವಾಗುತ್ತದೆ.

ಸಾಲ, ಬಡತನ, ನಿರುದ್ಯೋಗ, ಕೊರತೆ. ಹೆಚ್ಚುತ್ತವೆ, ಅಷ್ಟೇ. ಸಾಲದ ಹೊರೆ ಏರುತ್ತದೆ. ಬಡವ–ಬಲ್ಲಿದರ ನಡುವಿನ ಅಂತರ ಹಿಗ್ಗುತ್ತದೆ.

ಟ್ರಾಫಿಕ್, ಮಾಲಿನ್ಯ, ಕಸ. ಪತ್ರಿಕೆಯಲ್ಲಿ ಇವೂ ‘ಉಲ್ಬಣ’ ಆಗುವುದನ್ನು ದಿನಾ ನೋಡುತ್ತೇವೆ. ತಲೆಬರಹದಲ್ಲಿ ಜಾಗ ಕಡಿಮೆ ಇರುತ್ತದೆ, ‘ಸಮಸ್ಯೆ ಉಲ್ಬಣ’ ಎರಡೇ ಪದದಲ್ಲಿ ಮುಗಿಯುತ್ತದೆ, ಒಪ್ಪೋಣ. ಆದರೆ ಲೇಖನದ ಒಳಗೂ ಟ್ರಾಫಿಕ್ ಉಲ್ಬಣಿಸಿದರೆ ಅದು ಜ್ವರದಂತೆ ಕೇಳಿಸುತ್ತದೆ. ‘ಜಾಸ್ತಿಯಾಗಿದೆ’, ‘ವಿಪರೀತವಾಗಿದೆ’, ‘ಮಿತಿ ಮೀರಿದೆ’ ಬರೆದರೆ ಏನು ನಷ್ಟ?

ಹಂತ 4: ವಾಕ್ಯವನ್ನು ತಿರುಗಿಸಿ

ಇಂಗ್ಲಿಷಿನಲ್ಲಿ ಕಾರಣವೇ ಕರ್ತೃ. ಮಳೆ ಸಮಸ್ಯೆಯನ್ನು ಕೆಡಿಸುತ್ತದೆ, ಒತ್ತಡ ತಲೆನೋವನ್ನು ಹೆಚ್ಚಿಸುತ್ತದೆ. ಜೀವ ಇಲ್ಲದ ವಸ್ತು ಎದ್ದು ನಿಂತು ಇನ್ನೊಂದು ವಸ್ತುವಿಗೆ ಏನನ್ನೋ ಮಾಡುತ್ತದೆ. ಕನ್ನಡದಲ್ಲಿ ಇದು ತಪ್ಪಲ್ಲ. ಆದರೆ ಸಾಲಾಗಿ ನಾಲ್ಕು ವಾಕ್ಯ ಹೀಗೆಯೇ ಬಂದರೆ ಅನುವಾದದ ವಾಸನೆ ಹೊಡೆಯುತ್ತದೆ.

ಕನ್ನಡದ ದಾರಿ ಬೇರೆ. ಕಾರಣಕ್ಕೆ ‘ಇಂದ’ ಹಚ್ಚಿ, ಕೆಟ್ಟದ್ದನ್ನು ಕರ್ತೃ ಮಾಡಿ, ಕ್ರಿಯಾಪದವನ್ನು ಅಕರ್ಮಕ ಮಾಡಿ. ಅಕರ್ಮಕ ಎಂದರೆ ‘ಯಾರನ್ನು, ಏನನ್ನು’ ಎಂಬ ಪ್ರಶ್ನೆಗೆ ಉತ್ತರ ಬೇಡದ ಕ್ರಿಯಾಪದ. ‘ಏರಿತು’ ಅಕರ್ಮಕ, ‘ಏರಿಸಿತು’ ಸಕರ್ಮಕ.

ಒಂದು ವಾಕ್ಯ ಮಾಡಿ ನೋಡೋಣ. 2023ರಲ್ಲಿ ಕರ್ನಾಟಕಕ್ಕೆ ಮುಂಗಾರು ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆಗ ಇಂಗ್ಲಿಷಿನಲ್ಲಿ ‘ಪೂರ್ ರೇನ್ (ಕಡಿಮೆ ಮಳೆ) ನಗರದ ನೀರಿನ ಬಿಕ್ಕಟ್ಟನ್ನು ಎಕ್ಸಾಸರ್ಬೇಟ್ ಮಾಡಿದೆ’ ಎಂಬ ಅರ್ಥದ ವಾಕ್ಯಗಳು ಬೇಕಾದಷ್ಟು ಬರುತ್ತಿದ್ದವು. ಇದನ್ನು ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ:

‘ಕಳಪೆ ಮಳೆಯು ನಗರದ ಜಲ ಬಿಕ್ಕಟ್ಟನ್ನು ಉಲ್ಬಣಗೊಳಿಸಿದೆ.’

ಅರ್ಥವಾಗುತ್ತದೆ. ಆದರೆ ಮಳೆ ಕಳಪೆ ಆಗುವುದಿಲ್ಲ, ಸಾಮಾನು ಕಳಪೆ ಆಗುತ್ತದೆ. ತಿರುಗಿಸಿ ಬರೆಯಿರಿ:

‘ಮಳೆ ಕೈಕೊಟ್ಟಿದ್ದರಿಂದ ನಗರದ ನೀರಿನ ತಾಪತ್ರಯ ಇನ್ನೂ ಜಾಸ್ತಿಯಾಗಿದೆ.’

ಅಷ್ಟೇ ಉದ್ದ, ಅದೇ ಅರ್ಥ. ಓದುವಾಗ ನಾಲಿಗೆ ಎಡವುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ‘ಇಸು’ ಎಂದು ಮುಗಿದ ಕ್ರಿಯಾಪದ ಎಲ್ಲವೂ ಸಕರ್ಮಕ ಅಂದುಕೊಂಡುಬಿಡುತ್ತಾರೆ. ‘ಹೆಚ್ಚಿಸು’, ‘ಕೆರಳಿಸು’, ‘ಹದಗೆಡಿಸು’ ಸಕರ್ಮಕ, ಸರಿ. ಆದರೆ ‘ಉಲ್ಬಣಿಸು’, ‘ಬಿಗಡಾಯಿಸು’, ‘ವಿಷಮಿಸು’ ಇವು ‘ಇಸು’ ಇದ್ದರೂ ಸಾಮಾನ್ಯ ಬಳಕೆಯಲ್ಲಿ ಅಕರ್ಮಕ. ‘ರೋಗ ಉಲ್ಬಣಿಸಿತು’ ಸರಿ. ‘ಹೊಗೆ ರೋಗವನ್ನು ಉಲ್ಬಣಿಸಿತು’ ಸರಿಯಲ್ಲ. ಸಕರ್ಮಕ ಬೇಕೇ ಬೇಕು ಎಂದರೆ ‘ಉಲ್ಬಣಗೊಳಿಸಿತು’ ಅಥವಾ ‘ಉಲ್ಬಣಿಸುವಂತೆ ಮಾಡಿತು’ ಎಂದು ಬರೆಯಬೇಕು. ‘ಸಚಿವರ ಹೇಳಿಕೆ ಪರಿಸ್ಥಿತಿಯನ್ನು ಬಿಗಡಾಯಿಸಿತು’ ಎಂದು ಬರೆಯುವವರೂ ಇದ್ದಾರೆ. ನನ್ನ ಕಿವಿಗಂತೂ ಅದು ಒಗ್ಗುವುದಿಲ್ಲ. ‘ಸಚಿವರ ಹೇಳಿಕೆಯಿಂದ ಪರಿಸ್ಥಿತಿ ಬಿಗಡಾಯಿಸಿತು’ ಎಂದರೆ ತೊಂದರೆಯೇ ಇಲ್ಲ, ಅಲ್ವಾ?

ಮನುಷ್ಯರು ಬೇಕೆಂದೇ ಮಾಡಿದ್ದಾದರೆ ಮಾತ್ರ ತಿರುಗಿಸಬೇಡಿ. ‘ಅವನು ಬೇಕಂತಲೇ ಜಗಳ ಹೆಚ್ಚಿಸಿದ’ ಎನ್ನುವುದನ್ನು ‘ಅವನಿಂದ ಜಗಳ ಹೆಚ್ಚಿತು’ ಎಂದರೆ ಅವನ ತಪ್ಪು ತೆಳ್ಳಗಾಗುತ್ತದೆ. ಸುದ್ದಿ ಬರೆಯುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಹಂತ 5: ‘ಮೊದಲೇ’ ಎನ್ನುವುದನ್ನು ಬಿಡಬೇಡಿ

ಎಕ್ಸಾಸರ್ಬೇಟ್ ಪದದ ಒಳಗೆ ಒಂದು ಹಿಂದಿನ ಕತೆ ಅಡಗಿದೆ. ಮೊದಲೇ ಏನೋ ಸರಿ ಇರಲಿಲ್ಲ. ‘ಮಳೆಯಿಂದ ಸಮಸ್ಯೆಯಾಯಿತು’ ಎಂದು ಬರೆದರೆ ಆ ಕತೆ ಬಿದ್ದುಹೋಗುತ್ತದೆ. ಮಳೆಯೇ ಮೊದಲ ಕಾರಣ ಎಂದಾಗುತ್ತದೆ.

ಇದನ್ನು ಹೇಳಲು ಕನ್ನಡದಲ್ಲಿ ಸಣ್ಣ ಸಣ್ಣ ಮಾತುಗಳಿವೆ: ‘ಇನ್ನೂ’, ‘ಇನ್ನಷ್ಟು’, ‘ಮತ್ತಷ್ಟು’. ಕ್ರಿಯಾಪದಕ್ಕೆ ಮೊದಲು ಇವುಗಳಲ್ಲಿ ಒಂದನ್ನು ಇಟ್ಟರೆ ಸಾಕು. ‘ಹೆಚ್ಚಾಯಿತು’ ಬರೀ ಹೆಚ್ಚಾಯಿತು. ‘ಮತ್ತಷ್ಟು ಹೆಚ್ಚಾಯಿತು’ ಎಂದರೆ ಎಕ್ಸಾಸರ್ಬೇಟ್.

ಇನ್ನೂ ಚೆನ್ನಾಗಿರುವುದು ‘ಮೊದಲೇ… ಅದರ ಮೇಲೆ…’ ಎಂಬ ಜೋಡಿ. ‘ಮೊದಲೇ ಬೆಳೆ ಕೈಗೆ ಬಂದಿರಲಿಲ್ಲ. ಅದರ ಮೇಲೆ ಗೊಬ್ಬರದ ಬೆಲೆಯೂ ಏರಿತು.’ ಇಲ್ಲಿ ‘ಕೆಡು’, ‘ಉಲ್ಬಣ’ ಯಾವುದೂ ಇಲ್ಲ. ಆದರೂ ಅರ್ಥ ಪೂರ್ತಿ ಬಂದಿದೆ. ಇಂಗ್ಲಿಷಿನಲ್ಲಿ ‘ಕಾಂಪೌಂಡ್’ ಎಂಬ ಪದವನ್ನು ಸಮಸ್ಯೆಯ ಜೊತೆ ಬಳಸಿದ್ದರೆ ಇದು ಹೇಳಿ ಮಾಡಿಸಿದ ಅನುವಾದ. ಒಂದು ತೊಂದರೆಗೆ ಇನ್ನೊಂದು ಬಂದು ಸೇರಿಕೊಂಡಿತು ಎಂದು ಅದರ ಅರ್ಥ. ಬ್ಯಾಂಕಿನ ಚಕ್ರಬಡ್ಡಿಯ ಕಾಂಪೌಂಡ್ ಕೂಡ ಇದೇ ಕುಟುಂಬದ್ದು, ಬಡ್ಡಿಗೆ ಬಡ್ಡಿ ಸೇರುವುದು.

‘ಸಾಲದ್ದಕ್ಕೆ’ ಎನ್ನುವುದು ಇನ್ನೊಂದು. ‘ಬಸ್ಸು ತಡ. ಸಾಲದ್ದಕ್ಕೆ ಮಳೆ.’ ಮತ್ತೆ ಮಾತಿನಲ್ಲಿ ಬರುವ ‘ಬೇರೆ’. ‘ಇದರ ಮಧ್ಯೆ ಕರೆಂಟ್ ಬೇರೆ ಹೋಯಿತು.’ ಈ ‘ಬೇರೆ’ಗೆ ಇಂಗ್ಲಿಷಿನಲ್ಲಿ ಸಮನಾದ ಪದ ಹುಡುಕಲು ಹೋಗಿ, ಸುಸ್ತಾಗುತ್ತೀರಿ. ಕತೆ, ಅಂಕಣ, ಸಂಭಾಷಣೆಗೆ ಇದು ಚೆನ್ನ. ಕಚೇರಿ ಪತ್ರಕ್ಕೆ ಬೇಡ.

ಹಂತ 6: ಗಾದೆ, ನುಡಿಗಟ್ಟು ಬಳಸುವಾಗ ಹುಷಾರು

ಕೆಟ್ಟದ್ದು ಇನ್ನೂ ಕೆಡುವುದಕ್ಕೆ ಕನ್ನಡದಲ್ಲಿ ಗಾದೆಗಳಿಗೆ ಬರ ಇಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ.

‘ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ’. ಸಿಟ್ಟು, ಜಗಳ, ದ್ವೇಷಕ್ಕೆ ಮಾತ್ರ. ಸುರಿಯುವವರು ಒಬ್ಬರು ಇರಬೇಕು. ಕಾಯಿಲೆಗೆ, ಬರಗಾಲಕ್ಕೆ ಇದು ಹೊಂದುವುದಿಲ್ಲ.

‘ಗಾಯದ ಮೇಲೆ ಬರೆ ಎಳೆದಂತೆ’. ಬರೆ ಎಂದರೆ ಕಾಯಿಸಿದ ಕಬ್ಬಿಣದಿಂದ ಚರ್ಮ ಸುಡುವುದು. ಮೊದಲೇ ನೊಂದವರಿಗೆ ಮತ್ತೊಂದು ಪೆಟ್ಟು ಬಿದ್ದಾಗ ಬಳಸಿ. ಬೆಳೆ ಕಳೆದುಕೊಂಡ ರೈತನಿಗೆ ಸಾಲದ ನೋಟಿಸ್ ಬಂದರೆ ಇದು ಸರಿಯಾದ ಜಾಗ. ಮಾತಿನಿಂದ ನೋಯಿಸಿದ್ದಾದರೆ ‘ಗಾಯಕ್ಕೆ ಉಪ್ಪು ಸವರಿದಂತೆ’ ಹೆಚ್ಚು ಹೊಂದುತ್ತದೆ.

‘ಬರಗಾಲದಲ್ಲಿ ಅಧಿಕ ಮಾಸ’. ನನ್ನ ಪ್ರಕಾರ ಎಕ್ಸಾಸರ್ಬೇಟ್‌ಗೆ ಅತಿ ಹತ್ತಿರದ ಕನ್ನಡ ಗಾದೆ ಇದೇ. ಚಾಂದ್ರಮಾನ ಪಂಚಾಂಗದಲ್ಲಿ ಸುಮಾರು 32–33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಕಣಜದಲ್ಲಿ ಕಾಳು ಇಲ್ಲದ ವರ್ಷ ತಿಂಗಳು ಹದಿಮೂರಾದರೆ ಹೇಗಿರುತ್ತದೆ, ಯೋಚಿಸಿ. ಇದು ಬರೀ ಮಾತಲ್ಲ. 2023ರಲ್ಲಿ ಹಾಗೇ ಆಯಿತು. ಆ ವರ್ಷ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಇತ್ತು. ಅದೇ ಆಗಸ್ಟ್, 1901ರಿಂದ ಈಚೆಗೆ ಇಡೀ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್. ಗಾದೆ ಅಕ್ಷರಶಃ ಹೊಲಕ್ಕೆ ಇಳಿದಿತ್ತು.

ಇನ್ನು ತಪ್ಪು ಜಾಗದಲ್ಲಿ ಬಳಸುವ ಮೂರು ಮಾತು ಹೇಳಿಬಿಡುತ್ತೇನೆ.

‘ಬಾಣಲೆಯಿಂದ ಬೆಂಕಿಗೆ’ ಎಂದರೆ ಒಂದು ಕಷ್ಟದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ದೊಡ್ಡ ಕಷ್ಟಕ್ಕೆ ಬೀಳುವುದು. ಇಲ್ಲಿ ಹಳೆಯ ಕಷ್ಟ ಬೆಳೆಯಲಿಲ್ಲ, ಹೊಸದು ಬಂತು.

‘ಇರಲಾರದೆ ಇರುವೆ ಬಿಟ್ಟುಕೊಂಡರು’ ಎಂದರೆ ಏನೂ ತೊಂದರೆ ಇಲ್ಲದಾಗ ತಾವೇ ತೊಂದರೆ ತಂದುಕೊಳ್ಳುವುದು. ಎಕ್ಸಾಸರ್ಬೇಟ್ ಆಗಬೇಕಾದರೆ ಮೊದಲೇ ತೊಂದರೆ ಇರಬೇಕು. ಇಲ್ಲಿ ಅದೇ ಇಲ್ಲ.

‘ಉರಿಯುವ ಮನೆಯಲ್ಲಿ ಗಳ ಹಿರಿದಂತೆ’ ಎನ್ನುವುದನ್ನು ಬೆಂಕಿ ಇದೆ ಎಂಬ ಕಾರಣಕ್ಕೆ ತುಪ್ಪದ ಗಾದೆಯ ಜಾಗದಲ್ಲಿ ಇಡುತ್ತಾರೆ. ಗಳ ಎಂದರೆ ಮಾಡಿಗೆ ಹಾಕಿದ ಬಿದಿರು. ಮನೆ ಉರಿಯುತ್ತಿರುವಾಗ ಸಿಕ್ಕಷ್ಟು ಬಿದಿರು ಎಳೆದುಕೊಂಡು ಹೋಗುವುದು. ಅಂದರೆ ಇನ್ನೊಬ್ಬರ ಕಷ್ಟದಲ್ಲಿ ಲಾಭ ಮಾಡಿಕೊಳ್ಳುವುದು. ಅರ್ಥವೇ ಬೇರೆ.

ಹಂತ 7: ಆಸ್ಪತ್ರೆ ಕಾಗದ ಮತ್ತು ಕೋರ್ಟ್ ಕಾಗದ

ಈ ಎರಡು ಕಡೆ ಪದಕ್ಕೆ ಪರಿಭಾಷೆಯ ಅರ್ಥ ಇದೆ. ಪರಿಭಾಷೆ ಎಂದರೆ ಆಯಾ ಕಸುಬಿನವರು ಒಪ್ಪಿಕೊಂಡ ನಿರ್ದಿಷ್ಟ ಅರ್ಥ. ಇಲ್ಲಿ ಸ್ವಂತ ಜಾಣ್ಮೆ ಬೇಡ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಹಳ ಜನ ನೋಡುವ ಸಾಲು ‘ಅಕ್ಯೂಟ್ ಎಕ್ಸಾಸರ್ಬೇಷನ್ ಆಫ್ ಸಿಒಪಿಡಿ’. ಸಿಒಪಿಡಿ ಎಂದರೆ ಶ್ವಾಸನಾಳಗಳು ಕಿರಿದಾಗಿ, ವರ್ಷಗಟ್ಟಲೆ ಇರುವ ಉಸಿರಾಟದ ಕಾಯಿಲೆ. ಸಾಲಿನ ಒಟ್ಟು ಅರ್ಥ ಇಷ್ಟು: ‘ಮೊದಲಿನಿಂದ ಇದ್ದ ಉಸಿರಾಟದ ಕಾಯಿಲೆ ಈಗ ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ.’ ಉಸಿರು ಕಟ್ಟುವುದು, ಕೆಮ್ಮು, ಕಫ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದೊಳಗೆ ಜಾಸ್ತಿಯಾದರೆ ವೈದ್ಯರು ಈ ಪದ ಬಳಸುತ್ತಾರೆ. ಹೊಸ ಕಾಯಿಲೆ ಬಂದಿದೆ ಎಂದು ಇದರ ಅರ್ಥ ಅಲ್ಲ. ಅಸ್ತಮಾದ ಜೊತೆಗೂ ಇದೇ ಪದ ಬರುತ್ತದೆ. ಮನೆಯವರಿಗೆ ಹೇಳುವಾಗ ‘ಉಬ್ಬಸ ಜಾಸ್ತಿಯಾಗಿದೆ’ ಎಂದರೆ ಸಾಕು. ಉಬ್ಬಸ, ಗೂರಲು, ದಮ್ಮು, ನಿಮ್ಮ ಊರಿನ ಕಡೆ ಏನನ್ನುತ್ತಾರೋ ಅದನ್ನೇ ಹೇಳಿ.

ಇಲ್ಲಿ ಆಗುವ ದೊಡ್ಡ ತಪ್ಪು ‘ಮರುಕಳಿಸಿದೆ’ ಎಂದು ಬರೆಯುವುದು. ಮರುಕಳಿಸು ಎಂದರೆ ವಾಸಿಯಾದದ್ದು ಮತ್ತೆ ಬರುವುದು. ಎಕ್ಸಾಸರ್ಬೇಷನ್‌ನಲ್ಲಿ ಕಾಯಿಲೆ ವಾಸಿಯಾಗಿರಲೇ ಇಲ್ಲ. ವಿಮೆಯ ಕಾಗದದಲ್ಲಿ ಈ ಎರಡರ ವ್ಯತ್ಯಾಸ ದುಡ್ಡಿನ ವ್ಯತ್ಯಾಸವೂ ಆಗಬಹುದು.

ವೈದ್ಯರ ಟಿಪ್ಪಣಿಯಲ್ಲಿ ‘ಅಗ್ರವೇಟಿಂಗ್ ಫ್ಯಾಕ್ಟರ್ಸ್, ರಿಲೀವಿಂಗ್ ಫ್ಯಾಕ್ಟರ್ಸ್’ ಎಂದೂ ಇರುತ್ತದೆ. ‘ಉಲ್ಬಣಕಾರಿ ಅಂಶಗಳು, ಉಪಶಮನಕಾರಿ ಅಂಶಗಳು’ ಎಂದು ಬರೆದರೆ ರೋಗಿ ಇನ್ನಷ್ಟು ಗಾಬರಿ ಬೀಳುತ್ತಾನೆ. ಡಾಕ್ಟರೇ ಕೇಳುವುದು ‘ಏನು ಮಾಡಿದರೆ ನೋವು ಜಾಸ್ತಿ, ಏನು ಮಾಡಿದರೆ ಕಡಿಮೆ?’ ಎಂದು. ಹಾಗೇ ಬರೆಯಿರಿ.

ಕೋರ್ಟ್ ಕಡೆಯದು ಬೇರೆ. ‘ಅಗ್ರವೇಟಿಂಗ್ ಸರ್ಕಮ್‌ಸ್ಟ್ಯಾನ್ಸಸ್’ ಎಂದರೆ ಅಪರಾಧವನ್ನು ಇನ್ನಷ್ಟು ಗಂಭೀರ ಮಾಡುವ, ಹಾಗಾಗಿ ಶಿಕ್ಷೆ ಹೆಚ್ಚಿಸಲು ಕಾರಣವಾಗುವ ಅಂಶಗಳು. ಇದರ ಎದುರಿನದು ‘ಮಿಟಿಗೇಟಿಂಗ್’, ಶಿಕ್ಷೆ ಇಳಿಸಲು ಕಾರಣವಾಗುವ ಅಂಶಗಳು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆ ಕೊಡುವ ಮೊದಲು ಈ ಎರಡನ್ನೂ ನೋಡಬೇಕು ಎಂದಿತು. ಇದನ್ನು ‘ಉಲ್ಬಣಗೊಂಡ ಸಂದರ್ಭಗಳು’ ಎಂದು ಬರೆದರೆ ಅರ್ಥ ಪೂರ್ತಿ ದಾರಿ ತಪ್ಪುತ್ತದೆ. ಇಲ್ಲಿ ಯಾವ ಸಂದರ್ಭವೂ ಜೋರಾಗಿಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ 2012ರ ಪೋಕ್ಸೊ ಕಾಯ್ದೆಯಲ್ಲೂ ‘ಅಗ್ರವೇಟೆಡ್’ ಪದ ಇದೆ. ಅಪರಾಧ ಮಾಡಿದವರು ಪೊಲೀಸರೋ, ಮಗುವಿನ ಸಂಬಂಧಿಯೋ ಆಗಿದ್ದರೆ ಅದೇ ಕೃತ್ಯ ಹೆಚ್ಚು ಗಂಭೀರ ಅಪರಾಧವಾಗುತ್ತದೆ ಎಂದು ಅದರ ಅರ್ಥ. ವಿವರಿಸುವಾಗ ‘ಹೆಚ್ಚು ಗಂಭೀರ ಸ್ವರೂಪದ’ ಎನ್ನಬಹುದು. ಕೋರ್ಟಿಗೆ ಕೊಡುವ ಕಾಗದವಾದರೆ ಸರ್ಕಾರ ಪ್ರಕಟಿಸಿದ ಕನ್ನಡ ಪಠ್ಯದಲ್ಲಿ ಏನಿದೆಯೋ ಅದನ್ನೇ ಬಳಸಿ, ಒಂದಕ್ಷರ ಬದಲಿಸಬೇಡಿ.

ಹಂತ 8: ಉಲ್ಟಾ ನೋಡಿ, ಜೋರಾಗಿ ಓದಿ

ಪದ ಆರಿಸಿದ ಮೇಲೆ ಕನ್ನಡ–ಇಂಗ್ಲಿಷ್ ನಿಘಂಟು ತೆಗೆಯಿರಿ. ನೀವು ಆರಿಸಿದ ಕನ್ನಡ ಪದವನ್ನು ಅದರಲ್ಲಿ ಹುಡುಕಿ. ಅಲ್ಲಿ ಬರುವ ಇಂಗ್ಲಿಷ್ ಅರ್ಥ ನಿಮ್ಮ ಮೂಲ ವಾಕ್ಯಕ್ಕೆ ಹೊಂದುತ್ತದೆಯೇ? ಇಂಗ್ಲಿಷ್–ಕನ್ನಡ ನಿಘಂಟು ಐದಾರು ಪದಗಳನ್ನು ಸಾಲಾಗಿ ಇಟ್ಟು ಕೈತೊಳೆದುಕೊಳ್ಳುತ್ತದೆ, ಯಾವುದು ಎಲ್ಲಿ ಎಂದು ಹೇಳುವುದಿಲ್ಲ. ಉಲ್ಟಾ ನೋಡಿದಾಗ ಒಂದೊಂದರ ಗುಣ ಗೊತ್ತಾಗುತ್ತದೆ. ಇಂಟರ್ನೆಟ್‌ನಲ್ಲಿ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಉಚಿತವಾಗಿ ಸಿಗುತ್ತದೆ. ಹಳೆಯ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಈಗಲೂ ಕೈಹಿಡಿಯುತ್ತದೆ.

ಯಂತ್ರಾನುವಾದವನ್ನು ಮೊದಲ ಕರಡಿಗೆ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಹಂತ 2ರ ಪರೀಕ್ಷೆಯನ್ನು ಯಂತ್ರ ನಿಮಗಾಗಿ ಮಾಡಿರುತ್ತದೆ ಎಂದು ನಂಬಬೇಡಿ. ಅನುವಾದ ಕೆಟ್ಟರೆ ಏನಾಗುತ್ತದೆ ಎಂದು ನಮಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯನ್ನು, ಕನ್ನಡ ಪ್ರಶ್ನೆಗಳ ಅನುವಾದ ತಪ್ಪಿದ್ದರಿಂದ, ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು.

ಕೊನೆಗೆ ವಾಕ್ಯವನ್ನು ಜೋರಾಗಿ ಓದಿ. ನಾಲಿಗೆ ಎಡವಿದ ಕಡೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅಲ್ಲಿ ಒಂದು ‘ಗೊಳಿಸು’ ಕೂತಿರುತ್ತದೆ.

ಅಭ್ಯಾಸಕ್ಕೆ ಮೂರು ವಾಕ್ಯ

ಇಂಗ್ಲಿಷ್ ವಾಕ್ಯದ ಅರ್ಥ ಕೊಟ್ಟಿದ್ದೇನೆ. ಉತ್ತರ ನೋಡುವ ಮೊದಲು ನೀವೇ ಒಮ್ಮೆ ಬರೆದು ನೋಡಿ.

ಒಂದು: ಒತ್ತಡ ಮೈಗ್ರೇನ್ ಅನ್ನು ಅಗ್ರವೇಟ್ ಮಾಡುತ್ತದೆ.
ನನ್ನ ಉತ್ತರ: ‘ಒತ್ತಡ ಹೆಚ್ಚಿದರೆ ಅರೆತಲೆನೋವೂ ಹೆಚ್ಚುತ್ತದೆ.’

ಎರಡು: ಭಾರಿ ವಾಹನಗಳು ರಸ್ತೆಯ ಹಾನಿಯನ್ನು ಎಕ್ಸಾಸರ್ಬೇಟ್ ಮಾಡಿವೆ.
ನನ್ನ ಉತ್ತರ: ‘ಮೊದಲೇ ಹದಗೆಟ್ಟಿದ್ದ ರಸ್ತೆ ಲಾರಿಗಳ ಓಡಾಟದಿಂದ ಪೂರ್ತಿ ಕಿತ್ತುಹೋಗಿದೆ.’ ಇಲ್ಲಿ ‘ಹಾನಿ’ ಎಂಬ ಪದವನ್ನೇ ಬಿಟ್ಟಿದ್ದೇನೆ. ಹದಗೆಟ್ಟಿದ್ದ ಎಂದ ಮೇಲೆ ಅದು ಬೇಕಾಗಲಿಲ್ಲ.

ಮೂರು: ಅವನ ಕ್ಷಮಾಪಣೆ ಪರಿಸ್ಥಿತಿಯನ್ನು ಎಕ್ಸಾಸರ್ಬೇಟ್ ಮಾಡಿತು ಅಷ್ಟೇ.
ಇದಕ್ಕೆ ಬಹಳ ಜನ ‘ಕ್ಷಮಾಪಣೆಯಿಂದ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸಿತು’ ಎಂದು ಬರೆಯುತ್ತಾರೆ. ತಪ್ಪೇನಿಲ್ಲ, ಪೂರ್ತಿ ಅಂಕ ಕೊಡಬಹುದು. ನಾನಾದರೆ ಹೀಗೆ ಬರೆಯುತ್ತೇನೆ: ‘ಕ್ಷಮೆ ಕೇಳೋಕೆ ಹೋಗಿ ಇದ್ದದ್ದನ್ನೂ ಕೆಡಿಸಿದ.’